ಸ್ಟ್ಯಾನ್‌ಫರ್ಡ್ ಅಧ್ಯಕ್ಷರು ಸಂಶೋಧನೆಯ ದುಡ್ಡಲ್ಲಿ ವಿಹಾರನೌಕೆ ಕೊಂಡರಾ?

ಓದುಗರ ಪ್ರಶ್ನೆ: "ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರೊಬ್ಬರು ಸರ್ಕಾರ ಸಂಶೋಧನೆಗೆಂದು ಕೊಟ್ಟ ಹಣದಲ್ಲಿ ವಿಹಾರನೌಕೆ ಕೊಂಡು, ಮನೆ ಸಿಂಗರಿಸಿಕೊಂಡು, ಕೊನೆಗೆ ಸಿಕ್ಕಿಬಿದ್ದು ರಾಜೀನಾಮೆ ಕೊಟ್ಟರಂತೆ. ಇಷ್ಟಾದರೂ ಅವರಿಗೆ ಜೈಲು ಯಾಕೆ ಆಗಲಿಲ್ಲ?"

ಸಂಶೋಧನಾ ಅನುದಾನದ ಲೆಕ್ಕಪತ್ರದ ಬಗ್ಗೆ ನಾನು ಎಲ್ಲಿ ಮಾತಾಡಿದರೂ ಈ ಪ್ರಶ್ನೆ ಎದುರಾಗುತ್ತದೆ. ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಪೂರ್ತಿಯಾಗಿ ಬರೆದಿಟ್ಟರೆ ಮುಂದೆ ಕೇಳಿದವರಿಗೆ ಇದನ್ನೇ ಕಳಿಸಬಹುದು.

ಮೊದಲು ಚುಟುಕು ಉತ್ತರ. ಅಧ್ಯಕ್ಷರು ನೌಕೆ ಕೊಳ್ಳಲಿಲ್ಲ, ವಿಶ್ವವಿದ್ಯಾಲಯವೂ ಕೊಳ್ಳಲಿಲ್ಲ. ರಾಜೀನಾಮೆ ಕೊಟ್ಟದ್ದು ನಿಜ. ಜೈಲಿನ ಮಾತೇ ಬರಲಿಲ್ಲ, ಏಕೆಂದರೆ ವಂಚನೆ ನಡೆದಿದೆ ಎಂದು ಕೊನೆಗೆ ಸರ್ಕಾರವೇ ಹೇಳಲಿಲ್ಲ. ಹಾಗೆಂದ ಮಾತ್ರಕ್ಕೆ ತಪ್ಪೇ ಆಗಿರಲಿಲ್ಲ ಎಂದಲ್ಲ. ತಪ್ಪು ಆಗಿತ್ತು, ಆದರೆ ಜನ ಅಂದುಕೊಂಡ ಜಾಗದಲ್ಲಿ ಅಲ್ಲ.

ಆ ಅಧ್ಯಕ್ಷರ ಹೆಸರು ಡೊನಾಲ್ಡ್ ಕೆನಡಿ. ಅಲ್ಲಿನ ಪ್ರೆಸಿಡೆಂಟ್ ಹುದ್ದೆಯನ್ನು ನಮ್ಮ ಕುಲಪತಿ ಹುದ್ದೆಯ ಹಾಗೆ ಎಂದುಕೊಳ್ಳಿ. ಕೆನಡಿ ಜೀವವಿಜ್ಞಾನಿ. 1977ರಿಂದ 1979ರವರೆಗೆ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯ ಮುಖ್ಯಸ್ಥರಾಗಿದ್ದವರು, 1980ರಲ್ಲಿ ಸ್ಟ್ಯಾನ್‌ಫರ್ಡ್ ಅಧ್ಯಕ್ಷರಾದರು. ಹತ್ತು ವರ್ಷ ಒಳ್ಳೆಯ ಹೆಸರಿನಲ್ಲಿ ನಡೆದ ಅವರ ಆಡಳಿತವನ್ನು ಅಲ್ಲಾಡಿಸಿದವರು ಪಾಲ್ ಬಿಡಲ್. ಸ್ಟ್ಯಾನ್‌ಫರ್ಡ್‌ಗೆ ಬರುವ ಕೇಂದ್ರ ಸರ್ಕಾರದ ಸಂಶೋಧನಾ ಹಣದ ಓವರ್‌ಹೆಡ್ ದರವನ್ನು (ಕಟ್ಟಡ, ಕರೆಂಟು, ಆಡಳಿತದಂಥ ಸಾಮಾನ್ಯ ಖರ್ಚಿಗೆ ಸೇರಿಸುವ ಪಾಲು) ನೋಡಿಕೊಳ್ಳುವ ಹೊಣೆ ಅಮೆರಿಕದ ನೌಕಾ ಸಂಶೋಧನಾ ಕಚೇರಿಯದ್ದಾಗಿತ್ತು. ಅದರ ಪ್ರತಿನಿಧಿಯಾಗಿ ಕ್ಯಾಂಪಸ್‌ನಲ್ಲಿ ಕೂತಿದ್ದವರೇ ಬಿಡಲ್. ವಿಶ್ವವಿದ್ಯಾಲಯ ಒಂದು ದಶಕದಲ್ಲಿ ಸುಮಾರು 20 ಕೋಟಿ ಡಾಲರ್ ಹೆಚ್ಚುವರಿಯಾಗಿ ವಸೂಲಿ ಮಾಡಿದೆ ಎಂದು ಅವರು ದೂರಿದರು. ಸುದ್ದಿ ಪತ್ರಿಕೆಗಳಿಗೆ ಬಂತು. 1991ರ ಮಾರ್ಚ್ 13ರಂದು ಮಿಶಿಗನ್‌ನ ಸಂಸದ ಜಾನ್ ಡಿಂಗೆಲ್ ಅವರ ಉಪಸಮಿತಿ ವಾಷಿಂಗ್ಟನ್‌ನಲ್ಲಿ ಕೆನಡಿಯವರನ್ನು ಕೂರಿಸಿ ವಿಚಾರಣೆ ಮಾಡಿತು.

ಕಥೆ ಕೆಟ್ಟದ್ದು ಆ ವಿಚಾರಣೆಯ ಪಟ್ಟಿಯಿಂದ. ಅಧ್ಯಕ್ಷರ ಅಧಿಕೃತ ನಿವಾಸ ಹೂವರ್ ಹೌಸ್. ಅಮೆರಿಕದ ಅಧ್ಯಕ್ಷರಾಗಿದ್ದ ಹರ್ಬರ್ಟ್ ಹೂವರ್ ದಂಪತಿ ಕಟ್ಟಿಸಿದ ಮನೆ ಅದು. ಆ ಮನೆಯ ಖರ್ಚಿನ ಬಾಬತ್ತುಗಳನ್ನು ಒಂದೊಂದಾಗಿ ಓದಲಾಯಿತು: ತಿಂಗಳಿಗೆ ಸುಮಾರು 2,000 ಡಾಲರಿನ ಹೂವಿನ ಅಲಂಕಾರ, 3,000 ಡಾಲರಿನ ಸೀಡರ್ ಮರದ ಒಳಹೊದಿಕೆಯ ಬಟ್ಟೆ ಕಪಾಟು, 7,000 ಡಾಲರಿನ ಹಾಸಿಗೆ ಮತ್ತು ಮೇಜಿನ ಬಟ್ಟೆಗಳು, 1,200 ಡಾಲರ್ ಕೊಟ್ಟು ತಂದ ಇಟಲಿಯ ಹಳೇ ಡ್ರಾಯರ್ ಕಪಾಟು. ಇವುಗಳ ಜೊತೆಗೆ 72 ಅಡಿ ಉದ್ದದ ಒಂದು ವಿಹಾರನೌಕೆ. ಪಟ್ಟಿ ಕೇಳಿದ ಯಾರಿಗೂ ಮೈ ಉರಿಯಬೇಕು, ಉರಿಯಿತು. ಮನೆಯ ಬಾಬತ್ತುಗಳೂ ನೌಕೆಯೂ ಒಂದೇ ಉಸಿರಿನಲ್ಲಿ ಬಂದದ್ದರಿಂದ ಕೇಳಿದವರ ಮನಸ್ಸಿನಲ್ಲಿ ಒಂದು ಚಿತ್ರ ಮೂಡಿತು: ಬಿಳಿ ಪ್ಯಾಂಟು ತೊಟ್ಟ ಅಧ್ಯಕ್ಷರು, ಕೈಯಲ್ಲಿ ಪಾನೀಯ, ಕೆಳಗೆ ತೆರಿಗೆದಾರರ ದುಡ್ಡಿನ ದೋಣಿ. ಮೂವತ್ತು ವರ್ಷ ದಾಟಿದರೂ ಆ ಚಿತ್ರ ಅಳಿಸಿಲ್ಲ.

ಈಗ ನೌಕೆಯನ್ನೇ ನೋಡೋಣ. ಇದಕ್ಕೆ ಓವರ್‌ಹೆಡ್ ಹೇಗೆ ನಡೆಯುತ್ತದೆಂದು ತಿಳಿದಿರಬೇಕು. ಒಬ್ಬ ಪ್ರಾಧ್ಯಾಪಕಿಗೆ ಸರ್ಕಾರ ಒಂದು ಯೋಜನೆ ಕೊಡುತ್ತದೆ. ಸಂಶೋಧನಾ ವಿದ್ಯಾರ್ಥಿಯ ಸಂಬಳ, ರಾಸಾಯನಿಕ, ಪರೀಕ್ಷಾ ನಳಿಕೆ, ಸಮ್ಮೇಳನದ ಪ್ರಯಾಣ ಇವೆಲ್ಲ ಆ ಯೋಜನೆಯ ನೇರ ವೆಚ್ಚ. ಆದರೆ ಪ್ರಯೋಗಾಲಯದ ದೀಪ ಉರಿಯಬೇಕು, ಕಟ್ಟಡ ಸೋರಬಾರದು, ಗ್ರಂಥಾಲಯಕ್ಕೆ ನಿಯತಕಾಲಿಕೆ ಬರಬೇಕು, ಸಂಬಳದ ಚೀಟಿ ಮಾಡುವ ಗುಮಾಸ್ತರಿಗೂ ಸಂಬಳ ಆಗಬೇಕು. ಇವುಗಳಲ್ಲಿ ಈ ಯೋಜನೆಯ ಪಾಲೆಷ್ಟು, ಪಕ್ಕದ ಯೋಜನೆಯ ಪಾಲೆಷ್ಟು, ಬಿ.ಎ. ತರಗತಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲು ಯಾರಿಗೂ ಆಗದು. ಹಾಗಾಗಿ ಎಲ್ಲವನ್ನೂ ಕೆಲವು ಮೊತ್ತಗಳಾಗಿ ಗುಡ್ಡೆ ಹಾಕಿ, ಒಪ್ಪಿದ ಸೂತ್ರದ ಪ್ರಕಾರ ಒಂದು ಪಾಲನ್ನು ಸಂಶೋಧನೆಗೆ ಹಂಚುತ್ತಾರೆ. ಇದೇ ಪರೋಕ್ಷ ವೆಚ್ಚ, ಆಡುಮಾತಿನಲ್ಲಿ ಓವರ್‌ಹೆಡ್.

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದು ಹೊಸದೇನಲ್ಲ. ವಾಚ್‌ಮನ್ ಸಂಬಳ, ಲಿಫ್ಟಿನ ಕರೆಂಟು, ಸಂಪಿನ ಸ್ವಚ್ಛತೆ ಎಲ್ಲ ಸೇರಿಸಿ ಚದರಡಿ ಲೆಕ್ಕದಲ್ಲಿ ಪ್ರತಿ ಫ್ಲಾಟಿಗೂ ಮೇಂಟೆನೆನ್ಸ್ ಬಿಲ್ಲು ಬರುತ್ತದೆ. ಆ ಒಟ್ಟು ಲೆಕ್ಕದಲ್ಲಿ ಅಸೋಸಿಯೇಷನ್ನಿನ ಕಾರ್ಯದರ್ಶಿಯ ಮನೆಯ ಪರದೆಯ ಖರ್ಚೂ ನುಸುಳಿತು ಅನ್ನಿ. ನಿಮ್ಮ ಪಾಲಿಗೆ ಬರುವುದು ನಾಲ್ಕೈದು ರೂಪಾಯಿ. ಅದು ತಪ್ಪು ಹೌದು. ಆದರೆ "ನನ್ನ ಮೇಂಟೆನೆನ್ಸ್ ದುಡ್ಡಲ್ಲಿ ಕಾರ್ಯದರ್ಶಿ ಪರದೆ ಕೊಂಡ" ಎನ್ನುವುದೂ, "ಲಿಫ್ಟಿನ ದುಡ್ಡನ್ನು ಜೇಬಿಗಿಳಿಸಿದ" ಎನ್ನುವುದೂ ಬೇರೆ ಬೇರೆ ಆರೋಪಗಳು. ಎರಡಕ್ಕೂ ಬೇಕಾದ ಸಾಕ್ಷಿ ಬೇರೆ, ಶಿಕ್ಷೆಯೂ ಬೇರೆ.

ಆ ನೌಕೆ ವಿಶ್ವವಿದ್ಯಾಲಯಕ್ಕೆ ದಾನವಾಗಿ ಬಂದದ್ದು. ಅದು ಕ್ರೀಡಾ ವಿಭಾಗಕ್ಕೆ ಸೇರಿತ್ತು, ಆ ವಿಭಾಗದಲ್ಲಿ ಹಾಯಿದೋಣಿ ತಂಡವಿತ್ತು. ದಾನ ಬಂದ ವಸ್ತುವನ್ನೂ ಆಸ್ತಿ ಪುಸ್ತಕದಲ್ಲಿ ಬೆಲೆ ಕಟ್ಟಿ ಬರೆಯಬೇಕು. ಬರೆದ ಮೇಲೆ ವರ್ಷ ವರ್ಷ ಸವಕಳಿ, ಅಂದರೆ ಹಳೆಯದಾದಂತೆ ಕುಸಿಯುವ ಬೆಲೆ, ತೋರಿಸಬೇಕು. ಕ್ರೀಡೆಯ ಸಲಕರಣೆಗೂ ಸಂಶೋಧನೆಗೂ ಸಂಬಂಧವಿಲ್ಲ, ಹಾಗಾಗಿ ಅದರ ಸವಕಳಿ ಸರ್ಕಾರಕ್ಕೆ ಹಂಚುವ ಮೊತ್ತದೊಳಗೆ ಬರಬಾರದಿತ್ತು. ಬಂತು. ನೌಕೆಯೂ ಸೇರಿದಂತೆ ಆ ಸಲಕರಣೆಗಳ ಬಾಬತ್ತಿನಲ್ಲಿ ಹಲವು ವರ್ಷಗಳಿಗೆ ಒಟ್ಟು 1.84 ಲಕ್ಷ ಡಾಲರಿನಷ್ಟು ಸವಕಳಿ ಸರ್ಕಾರದ ಲೆಕ್ಕಕ್ಕೆ ಸೇರಿಹೋಗಿತ್ತು. ಸಾವಿರಾರು ಆಸ್ತಿಗಳ ಪಟ್ಟಿಯಲ್ಲಿ ಒಂದನ್ನು ತಪ್ಪು ವರ್ಗಕ್ಕೆ ಹಾಕಿದರೆ ಹೀಗಾಗುತ್ತದೆ. ತಪ್ಪು ಗೊತ್ತಾದ ಮೇಲೆ, ಡಿಂಗೆಲ್ ವಿಚಾರಣೆಗೂ ಮೊದಲೇ, 1990ರ ಕೊನೆಯಲ್ಲಿ ವಿಶ್ವವಿದ್ಯಾಲಯ ಆ ಬಾಬತ್ತನ್ನು ಹಿಂದಕ್ಕೆ ತೆಗೆದುಕೊಂಡಿತ್ತು.

ಗಮನಿಸಿ: ಇಲ್ಲಿ ಯಾರೂ ದುಡ್ಡು ಕೊಟ್ಟು ನೌಕೆ ತರಲಿಲ್ಲ. ಸವಕಳಿ ಅಂದರೆ ನಗದಲ್ಲ, ಪುಸ್ತಕದ ನಮೂದು. ಅಧ್ಯಕ್ಷರ ಸಹಿಯಿಂದ ಅದು ಲೆಕ್ಕಕ್ಕೆ ಹೋದದ್ದೂ ಅಲ್ಲ. ಹೀಗಿರುವಾಗ "ಅಧ್ಯಕ್ಷರು ನೌಕೆ ಕೊಂಡರು" ಎಂಬ ಮಾತಿನಲ್ಲಿ ಕರ್ತೃವೂ ತಪ್ಪು, ಕ್ರಿಯೆಯೂ ತಪ್ಪು. ಇಷ್ಟು ಹೇಳಿದ ಮೇಲೂ "ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಸಾರ್" ಎನ್ನುವವರಿದ್ದಾರೆ. ಬೆಂಕಿ ಇತ್ತು, ಅದು ಯಾವ ಕೋಣೆಯಲ್ಲಿ ಅನ್ನುವುದೇ ನನ್ನ ವಾದ. ಲೆಕ್ಕಪರಿಶೋಧನೆ ಕಲಿಯುವ ಮಕ್ಕಳಿಗೆ ಈ ಪ್ರಕರಣ ಕೊಟ್ಟು, "ನಗದು ಎಲ್ಲಿಂದ ಹೊರಟು ಯಾರ ಕೈ ಸೇರಿತು, ಗೆರೆ ಎಳೆದು ತೋರಿಸಿ" ಎಂದರೆ ಹತ್ತು ನಿಮಿಷದಲ್ಲಿ ಅವರಿಗೇ ಹೊಳೆಯುತ್ತದೆ: ನೌಕೆಯ ಗೆರೆ ಯಾರ ಮನೆಗೂ ಹೋಗುವುದಿಲ್ಲ. ಹೂವಿನ ಗೆರೆ ಹೋಗುತ್ತದೆ. ಅದನ್ನು ಅವರಾಗಿಯೇ ಕಂಡುಕೊಂಡಾಗ ನನಗಾಗುವ ಸಂತೋಷ ದೊಡ್ಡದು.

ಇದೇ ಕಥೆಯ ಇನ್ನೊಂದು ತಪ್ಪನ್ನೂ ತಿದ್ದಬೇಕು. ಆಗ ಸ್ಟ್ಯಾನ್‌ಫರ್ಡ್‌ನ ಓವರ್‌ಹೆಡ್ ದರ ಶೇ. 74. "ನೂರು ರೂಪಾಯಿಯಲ್ಲಿ ಎಪ್ಪತ್ನಾಲ್ಕು ನುಂಗಿದರು, ವಿಜ್ಞಾನಕ್ಕೆ ಉಳಿದದ್ದು ಇಪ್ಪತ್ತಾರು" ಎಂದು ಬರೆದದ್ದನ್ನು ನಾನು ಓದಿದ್ದೇನೆ, ಓದಿ ಬೇಸರಪಟ್ಟಿದ್ದೇನೆ. ದರ ಲೆಕ್ಕವಾಗುವುದು ನೇರ ವೆಚ್ಚದ ಮೇಲೆ. ನೇರ ವೆಚ್ಚ 100 ಆದರೆ ಅದರ ಮೇಲೆ 74 ಸೇರಿ ಒಟ್ಟು 174. ಆ 174ರಲ್ಲಿ ಓವರ್‌ಹೆಡ್ ಪಾಲು ಸುಮಾರು ಶೇ. 42.5. ಅದರಲ್ಲೂ ದೊಡ್ಡ ಉಪಕರಣಗಳಂಥ ಕೆಲವು ನೇರ ವೆಚ್ಚಗಳ ಮೇಲೆ ದರ ಹಾಕುವಂತೆಯೇ ಇಲ್ಲ, ಆದ್ದರಿಂದ ನಿಜವಾದ ಪಾಲು ಇನ್ನೂ ಕಡಿಮೆ. ಶೇ. 42 ಜಾಸ್ತಿಯಾಯಿತೇ ಎಂದು ವಾದ ಮಾಡಬಹುದು, ಮಾಡಬೇಕು. ಆದರೆ 74 ಎಂದು ಹಿಡಿದು ವಾದ ಮಾಡುವುದು ಏಳನೇ ಕ್ಲಾಸಿನ ಶೇಕಡಾವಾರು ಲೆಕ್ಕವನ್ನು ತಪ್ಪು ಮಾಡಿದ ಹಾಗೆ. 2025ರ ಫೆಬ್ರುವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎಲ್ಲ ವಿಶ್ವವಿದ್ಯಾಲಯಗಳಿಗೂ ಓವರ್‌ಹೆಡ್ ದರವನ್ನು ಶೇ. 15ಕ್ಕೆ ಇಳಿಸುತ್ತೇವೆಂದು ಘೋಷಿಸಿ, ಹಾರ್ವರ್ಡ್‌ನ ಶೇ. 69, ಯೇಲ್‌ನ ಶೇ. 67.5 ಎಂಬ ಅಂಕಿಗಳನ್ನು ಮುಂದಿಟ್ಟಿತಲ್ಲ, ಆಗಲೂ ಜನ ಇದೇ ತಪ್ಪು ಲೆಕ್ಕ ಮಾಡಿದರು. ನ್ಯಾಯಾಲಯ ಆ ಇಳಿಕೆಯನ್ನು ತಡೆಯಿತು. ಧಾರವಾಡದಿಂದಲೋ ಮೈಸೂರಿನಿಂದಲೋ ಹೋಗಿ ಅಲ್ಲಿನ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿರುವ ಹುಡುಗ ಹುಡುಗಿಯರ ಮನೆಯಲ್ಲಿ ಆ ತಿಂಗಳು ನಿದ್ದೆ ಕೆಟ್ಟಿತ್ತು. ಅವರ ಸ್ಟೈಪೆಂಡ್ ನೇರ ವೆಚ್ಚ, ಅದು ಓವರ್‌ಹೆಡ್ ಅಲ್ಲ. ಆದರೆ ಅವರು ಕೆಲಸ ಮಾಡುವ ಕಟ್ಟಡದ ದೀಪ ಓವರ್‌ಹೆಡ್.

ಹಾಗಾದರೆ ಕೆನಡಿ ಮಾಡಿದ ತಪ್ಪೇನು? ಅದು ಹೂವರ್ ಹೌಸ್‌ನಲ್ಲಿದೆ. ಅಧ್ಯಕ್ಷರ ನಿವಾಸದ ಖರ್ಚನ್ನು ಆಡಳಿತ ವೆಚ್ಚವೆಂದು ಸೇರಿಸಿಕೊಳ್ಳಲು ಆಗಿನ ನಿಯಮದಲ್ಲಿ ಜಾಗವಿತ್ತು. ಆ ಮನೆಯಲ್ಲಿ ದಾನಿಗಳಿಗೆ ಊಟ, ಅತಿಥಿಗಳಿಗೆ ಸತ್ಕಾರ, ಟ್ರಸ್ಟಿಗಳ ಸಭೆ ನಡೆಯುತ್ತಿದ್ದವು. ಹಾಗಾಗಿ ಅದರ ಖರ್ಚಿನ ಒಂದು ಪಾಲು ಎಲ್ಲದರ ಜೊತೆ ಸೇರಿ ಸರ್ಕಾರಕ್ಕೂ ಹೋಗುತ್ತಿತ್ತು. ಸುದ್ದಿ ಸ್ಫೋಟವಾದಾಗ ಕೆನಡಿಯವರ ಮೊದಲ ಪ್ರತಿಕ್ರಿಯೆ, ಇದೆಲ್ಲ ನಿಯಮದೊಳಗಿದೆ ಎನ್ನುವುದಾಗಿತ್ತು. ನಿಯಮ ಪುಸ್ತಕದ ಮಟ್ಟಿಗೆ ಅದು ನಿಜ. ಆದರೆ ಹೃದ್ರೋಗದ ಸಂಶೋಧನೆಗೆಂದು ತೆರಿಗೆ ಕಟ್ಟಿದವರಿಗೆ ಸೀಡರ್ ಕಪಾಟಿನ ಒಂದು ಪಾಲನ್ನು ವಿವರಿಸಲು ಯಾವ ನಿಯಮ ಪುಸ್ತಕವೂ ಸಾಲದು. ನಿಯಮ ಒಪ್ಪಿದರೂ ಕೆಲವು ಖರ್ಚುಗಳನ್ನು ತೆರಿಗೆದಾರರ ಮೇಲೆ ಹಾಕಬಾರದಿತ್ತು ಎಂದು ಅವರು ಆಮೇಲೆ ಒಪ್ಪಿಕೊಂಡರು. ಅಷ್ಟರಲ್ಲಿ ತಡವಾಗಿತ್ತು. ವಿಶ್ವವಿದ್ಯಾಲಯ ಹೂವರ್ ಹೌಸ್‌ನ ಎಲ್ಲ ಖರ್ಚನ್ನೂ ಹಿಂತೆಗೆದುಕೊಂಡಿತು. ಏಪ್ರಿಲ್‌ನಲ್ಲಿ ಸರ್ಕಾರ ಓವರ್‌ಹೆಡ್ ದರವನ್ನು 74ರಿಂದ 55.5ಕ್ಕೆ ಇಳಿಸಿತು. ಜುಲೈ ಕೊನೆಯಲ್ಲಿ ಕೆನಡಿ ಮುಂದಿನ ವರ್ಷ ಹುದ್ದೆ ಬಿಡುವುದಾಗಿ ಹೇಳಿದರು, 1992ರಲ್ಲಿ ಬಿಟ್ಟರು.

ನನ್ನನ್ನು ಕೇಳಿದರೆ ಅವರು ಹುದ್ದೆ ಬಿಟ್ಟದ್ದು ಸರಿಯೇ. ಸಂಸ್ಥೆಯ ಹಣದ ವಿಷಯದಲ್ಲಿ ಮುಖ್ಯಸ್ಥರು "ನಿಯಮ ಏನು ಹೇಳುತ್ತದೆ" ಎನ್ನುವುದಕ್ಕಿಂತ ಮೊದಲು "ಇದನ್ನು ಹೊರಗಿನವರ ಮುಂದೆ ಓದಿ ಹೇಳಬಲ್ಲೆನೇ" ಎಂದು ಕೇಳಿಕೊಳ್ಳಬೇಕು. ಅವರು ಅದನ್ನು ಕೇಳಿಕೊಳ್ಳಲಿಲ್ಲ. ಆದರೆ ಅವರನ್ನು ಕಳ್ಳ ಎನ್ನುವುದು ಅನ್ಯಾಯ. 1994ರ ಅಕ್ಟೋಬರ್‌ನಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಸರ್ಕಾರ ರಾಜಿಯಾದವು. 1981ರಿಂದ 1992ರವರೆಗಿನ ಲೆಕ್ಕಕ್ಕೆ ವಿಶ್ವವಿದ್ಯಾಲಯ ಕಟ್ಟಿದ್ದು 12 ಲಕ್ಷ ಡಾಲರ್. ಆರೋಪದ 20 ಕೋಟಿ ಎಲ್ಲಿ, ಈ 12 ಲಕ್ಷ ಎಲ್ಲಿ. ವಂಚನೆಯ ಯಾವ ಹಕ್ಕೊತ್ತಾಯವೂ ತನಗಿಲ್ಲ ಎಂದು ಸರ್ಕಾರ ಬರೆದುಕೊಟ್ಟಿತು. ಬಿಡಲ್ ತಾವಾಗಿ ಹೂಡಿದ್ದ ದಾವೆಯೂ ನ್ಯಾಯಾಲಯದಲ್ಲಿ ಬಿತ್ತು. ಕೆನಡಿ ಮುಂದೆ 2000ದಿಂದ 2008ರವರೆಗೆ "ಸೈನ್ಸ್" ಪತ್ರಿಕೆಯ ಪ್ರಧಾನ ಸಂಪಾದಕರಾಗಿದ್ದರು. 2020ರಲ್ಲಿ ತೀರಿಕೊಂಡರು.

ನಿಯಮವೂ ಬದಲಾಯಿತು. ಪರೋಕ್ಷ ವೆಚ್ಚದ ನಿಯಮಾವಳಿಯನ್ನು ಸರ್ಕಾರ 1991ರಲ್ಲಿ ತಿದ್ದಿ, ಅಧಿಕಾರಿಗಳ ಮನೆ ಮತ್ತು ವೈಯಕ್ತಿಕ ಜೀವನದ ಖರ್ಚು, ಮದ್ಯ, ಮನರಂಜನೆ ಇವನ್ನು ಸರ್ಕಾರಕ್ಕೆ ಹಚ್ಚುವಂತಿಲ್ಲ ಎಂದಿತು. ಆಡಳಿತ ವೆಚ್ಚದ ಪಾಲಿಗೆ ಶೇ. 26ರ ಮಿತಿ ಹಾಕಿತು. ಆ ಮಿತಿ ಈಗಲೂ ಇದೆ. ಇದೆಲ್ಲದರ ನಡುವೆ ಸ್ಟ್ಯಾನ್‌ಫರ್ಡ್ ಮಾತ್ರವಲ್ಲ, ಎಂಐಟಿ, ಹಾರ್ವರ್ಡ್ ವೈದ್ಯಕೀಯ ಶಾಲೆ ಮೊದಲಾದವೂ ತಮ್ಮ ಲೆಕ್ಕ ತಿರುವಿ ನೋಡಿ ಕೆಲವು ಬಾಬತ್ತುಗಳನ್ನು ಸರ್ಕಾರಕ್ಕೆ ಹಚ್ಚಿದ ಲೆಕ್ಕದಿಂದ ಕೈಬಿಟ್ಟವು.

ಸಂಸ್ಥೆಯ ಹಣವನ್ನು ಸ್ವಂತಕ್ಕೆ ಬಳಸುವುದು ಎಂದರೆ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ವಾಷಿಂಗ್ಟನ್‌ನ ಅಮೆರಿಕನ್ ಯೂನಿವರ್ಸಿಟಿಯನ್ನು ನೋಡಿ. ಅಲ್ಲಿನ ಅಧ್ಯಕ್ಷ ಬೆಂಜಮಿನ್ ಲ್ಯಾಡ್ನರ್ ಮೇಲೆ 2005ರಲ್ಲಿ ಟ್ರಸ್ಟಿಗಳಿಗೆ ಅನಾಮಧೇಯ ಪತ್ರ ಬಂತು. ಆಡಿಟ್ ನಡೆಯಿತು. ಮೂರು ವರ್ಷಗಳಲ್ಲಿ ಐದು ಲಕ್ಷ ಡಾಲರ್‌ಗೂ ಮಿಕ್ಕಿದ ಖರ್ಚು ಪ್ರಶ್ನಾರ್ಹವೆಂದು ಕಂಡಿತು: ಸ್ವಂತ ಬಾಣಸಿಗ, ಯುರೋಪ್ ಪ್ರವಾಸ, ಮಗನ ನಿಶ್ಚಿತಾರ್ಥದ ಔತಣ. ಇಲ್ಲಿ ನಗದಿನ ಗೆರೆ ನೇರ ಮನೆಯೊಳಗೆ ಹೋಗುತ್ತದೆ. ಅಕ್ಟೋಬರ್‌ನಲ್ಲಿ ಮಂಡಳಿ ಅವರನ್ನು ತೆಗೆಯಿತು, ಆದರೂ ಕೈಗೆ ಬಂದ ಒಟ್ಟು ಮೊತ್ತ 37.5 ಲಕ್ಷ ಡಾಲರ್. ವಿದ್ಯಾರ್ಥಿಗಳು ಸಿಟ್ಟಾದರು, ಸೆನೆಟರ್ ಚಾರ್ಲ್ಸ್ ಗ್ರಾಸ್ಲಿ ಮಂಡಳಿಯನ್ನೇ ತರಾಟೆಗೆ ತೆಗೆದುಕೊಂಡರು. ಹ್ಯೂಸ್ಟನ್‌ನ ಟೆಕ್ಸಸ್ ಸದರ್ನ್ ಯೂನಿವರ್ಸಿಟಿಯ ಅಧ್ಯಕ್ಷೆ ಪ್ರಿಸಿಲ್ಲಾ ಸ್ಲೇಡ್ ಮೇಲಂತೂ ಕ್ರಿಮಿನಲ್ ಮೊಕದ್ದಮೆಯೇ ಆಯಿತು. ಸ್ವಂತ ಮನೆಯ ಪೀಠೋಪಕರಣ, ತೋಟದ ಕೆಲಸಕ್ಕೆ ವಿಶ್ವವಿದ್ಯಾಲಯದ ಹಣ ಬಳಸಿದ ಆರೋಪ. 2008ರಲ್ಲಿ ಅವರು ಆರೋಪವನ್ನು ಎದುರಿಸದೆ ಒಪ್ಪಂದ ಮಾಡಿಕೊಂಡು ಸುಮಾರು 1.27 ಲಕ್ಷ ಡಾಲರ್ ಹಿಂದಿರುಗಿಸಲು ಒಪ್ಪಿದರು. ಅದೇ ವಿಶ್ವವಿದ್ಯಾಲಯದ ಹಣಕಾಸು ಮುಖ್ಯಸ್ಥರಿಗೆ 10 ವರ್ಷ ಜೈಲು ಶಿಕ್ಷೆಯಾಯಿತು. ಜೈಲು ಆಗುವುದೇ ಇಲ್ಲವೆ ಎಂದು ಕೇಳಿದ್ದಿರಿ. ಆಗುತ್ತದೆ, ಗೆರೆ ಸಿಕ್ಕಾಗ.

ಇಲ್ಲಿಗೆ ಬಂದ ಮೇಲೆ, ಯಾರೂ ಕೇಳದಿದ್ದರೂ, ಒಂದು ವಿಷಯ ಹೇಳದೆ ಬಿಡಲಾರೆ: ಮುಖ್ಯಸ್ಥರಿಗೆ ಬಂಗಲೆ ಕೊಡುವುದೇ ತಪ್ಪಾ? ನನ್ನ ಮಟ್ಟಿಗೆ ತಪ್ಪಲ್ಲ. ಅಮೆರಿಕದ ತೆರಿಗೆ ಕಾನೂನೇ ಇದನ್ನು ಯೋಚಿಸಿದೆ. ಮನೆ ಸಂಸ್ಥೆಯ ಆವರಣದಲ್ಲಿರಬೇಕು, ಸಂಸ್ಥೆಯ ಅನುಕೂಲಕ್ಕೆ ಕೊಟ್ಟದ್ದಾಗಿರಬೇಕು, ಅಲ್ಲಿ ವಾಸಿಸುವುದು ಹುದ್ದೆಯ ಷರತ್ತಾಗಿರಬೇಕು. ಈ ಮೂರೂ ಇದ್ದರೆ ಆ ವಸತಿ ನೌಕರರ ಆದಾಯವಲ್ಲ. ಯಾವುದಾದರೂ ಒಂದು ತಪ್ಪಿದರೂ ಸಾಮಾನ್ಯವಾಗಿ ಅದು ಸಂಬಳದ ಹಾಗೆಯೇ, ತೆರಿಗೆ ಕಟ್ಟಬೇಕು. ಲ್ಯಾಡ್ನರ್ ಪ್ರಕರಣದಲ್ಲಿ ಮಂಡಳಿ ಮಾಡಿದ್ದೂ ಇಂಥದೇ ವಿಂಗಡಣೆ. ಸುಮಾರು 1.25 ಲಕ್ಷ ಡಾಲರ್ ವಾಪಸು ಕಟ್ಟಬೇಕು, ಇನ್ನೂ ಹೆಚ್ಚುಕಡಿಮೆ 4 ಲಕ್ಷ ಡಾಲರ್ ಅವರ ಆದಾಯವೆಂದು ತೆರಿಗೆ ಇಲಾಖೆಗೆ ತೋರಿಸಬೇಕು ಎಂದಿತು. ಬಂಗಲೆ ಇರಲಿ, ಅಲ್ಲಿ ಯಾವ ಊಟ ಸಂಸ್ಥೆಯದ್ದು, ಯಾವುದು ಮನೆಯವರದ್ದು ಎನ್ನುವ ಬಿಲ್ಲು ಅವತ್ತೇ ಬೇರೆಯಾಗಲಿ. ವರ್ಷದ ಕೊನೆಗೆ ನೆನಪಿನಿಂದ ಬಿಡಿಸಲು ಕೂತರೆ ಯಾರ ನೆನಪೂ ನ್ಯಾಯವಾಗಿರುವುದಿಲ್ಲ.

ಇದನ್ನು ಹೊರಗಿನವರು ನೋಡುವುದು ಹೇಗೆ ಎಂಬುದೂ ಗೊತ್ತಿರಲಿ. ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಪಡೆದ ಖಾಸಗಿ ವಿಶ್ವವಿದ್ಯಾಲಯಗಳು ಪ್ರತಿವರ್ಷ ಫಾರ್ಮ್ 990 ಸಲ್ಲಿಸುತ್ತವೆ, ಅದು ಯಾರಿಗಾದರೂ ಸಿಗುತ್ತದೆ. 2008ರಿಂದ ಅದರ ಜೊತೆ ಷೆಡ್ಯೂಲ್ ಜೆ ಎಂಬ ಹಾಳೆ ಇದೆ. ಅದರ ಮೊದಲ ಸಾಲಿನಲ್ಲೇ ಚೌಕಗಳಿವೆ: ಪ್ರಥಮ ದರ್ಜೆ ಅಥವಾ ಬಾಡಿಗೆ ವಿಮಾನ, ಜೊತೆಗಾರರ ಪ್ರಯಾಣ, ವಾಸದ ಮನೆ, ಕ್ಲಬ್ ಶುಲ್ಕ, ಮನೆಗೆಲಸದವರು, ಚಾಲಕ, ಬಾಣಸಿಗ. ಕೊಟ್ಟಿದ್ದರೆ ಟಿಕ್ ಹಾಕಿ ಕೆಳಗೆ ವಿವರಣೆ ಬರೆಯಬೇಕು. ವಿಶ್ವವಿದ್ಯಾಲಯವೊಂದರ ಮೇಲೆ ಇಂಥ ಸುದ್ದಿ ಬಂದಾಗ ನಾನು ಮೊದಲು ತೆರೆಯುವುದು ಆ ಹಾಳೆಯನ್ನು.

ನಮ್ಮಲ್ಲಿ ಕುಲಪತಿಗಳ ಸರ್ಕಾರಿ ಕಾರು ಮಕ್ಕಳನ್ನು ಸ್ಕೂಲಿಗೆ ಬಿಡಲು, ಮದುವೆ ಮನೆಗೆ ಓಡಾಡಲು ಹೋಗುತ್ತದೆ ಎಂದು ಹಲವರು ಬರೆದು ಕೇಳುತ್ತಾರೆ. ಊಹೆಯ ಮೇಲೆ ನಾನು ಏನೂ ಹೇಳಲಾರೆ. ರಾಜ್ಯದ ವಿಶ್ವವಿದ್ಯಾಲಯಗಳು ಮಾಹಿತಿ ಹಕ್ಕು ಕಾಯ್ದೆಯಡಿ ಬರುತ್ತವೆ. 10 ರೂಪಾಯಿ ಶುಲ್ಕ ಕಟ್ಟಿ, ವಾಹನದ ಸಂಖ್ಯೆ ಮತ್ತು ಯಾವ ತಿಂಗಳು ಎಂಬುದನ್ನು ನಮೂದಿಸಿ, ಲಾಗ್‌ಬುಕ್ಕಿನ ಪ್ರತಿ ಕೇಳಿ. ಸಾರ್ವಜನಿಕ ಮಾಹಿತಿ ಅಧಿಕಾರಿ 30 ದಿನದೊಳಗೆ ಉತ್ತರಿಸಬೇಕು. ಲಾಗ್‌ಬುಕ್ಕಿನಲ್ಲಿ ದಿನಾಂಕ, ಎಲ್ಲಿಂದ ಎಲ್ಲಿಗೆ, ಎಷ್ಟು ಕಿಲೋಮೀಟರ್, ಯಾವ ಕೆಲಸಕ್ಕೆ, ಯಾರ ಸಹಿ ಎಂದು ಇರಬೇಕು. ಕೆಲಸದ ಕಾಲಂ ಖಾಲಿ ಇದ್ದರೆ ಅಥವಾ ಪ್ರತಿ ಸಾಲಿನಲ್ಲೂ "ಕಚೇರಿ ಕೆಲಸ" ಎಂದಷ್ಟೇ ಇದ್ದರೆ, ಆ ದಿನಗಳ ಕಿಲೋಮೀಟರನ್ನು ಪೆಟ್ರೋಲ್ ಬಿಲ್ಲಿನ ಜೊತೆ ತಾಳೆ ನೋಡಿ, ಎರಡನೇ ಅರ್ಜಿ ಹಾಕಿ.